ನಿಫಾ: ಹಂದಿ ಮೇಲೆ ಗೂಬೆ ಕೂರಿಸಬೇಡಿ

ಮಾನ್ಯರೇ,

ಕೇರಳದಲ್ಲಿ ನಿಫಾ ಎಂದು ಸುದ್ದಿಯಾದರೆ ಸಾಕು, ಕೊಡಗಿನಲ್ಲಿ ಮೊದಲ ಹೊಡೆತ ಬೀಳುವುದು ಹಂದಿ ಮಾಂಸದ ಅಂಗಡಿಗಳಿಗೆ. ಈ ಭಯದ ಬೇರು 1998–99ರ ಮಲೇಷ್ಯಾದಲ್ಲಿದೆ. ಅಲ್ಲಿ ಬಾವಲಿಯಿಂದ ಸಾಕುಹಂದಿಗೆ, ಹಂದಿಯಿಂದ ಸಾಕುವವರಿಗೆ ಸೋಂಕು ತಗುಲಿದ್ದು ನಿಜ. ಆದರೆ ಕೇರಳದಲ್ಲಿ 2018ರಿಂದೀಚೆಗೆ ಕಂಡ ಯಾವ ಪ್ರಕರಣಕ್ಕೂ ಹಂದಿ ಕಾರಣವೆಂದು ಸಾಬೀತಾಗಿಲ್ಲ. ಚೆನ್ನಾಗಿ ಬೆಂದ ಪಂದಿ ಕರಿಯಲ್ಲಿ ಈ ವೈರಸ್ ಉಳಿಯುವುದೂ ಇಲ್ಲ.

ಎಚ್ಚರ ಬೇಕಿರುವುದು ಹಣ್ಣು ಮತ್ತು ಕಳ್ಳಿನ ವಿಷಯದಲ್ಲಿ. ಬಾವಲಿ ಕಚ್ಚಿದ ಸೀಬೆಯನ್ನೋ ಬಟರ್‌ಫ್ರೂಟನ್ನೋ ಕಚ್ಚಿದಷ್ಟು ಭಾಗ ಕತ್ತರಿಸಿ ತಿನ್ನುವ ರೂಢಿ ಬಿಡಬೇಕು. ಇಡೀ ಹಣ್ಣನ್ನು ಕೈಗವಸು ಹಾಕಿಕೊಂಡು ಎತ್ತಿ ಹೂಳಿ. ಕಚ್ಚದ ಹಣ್ಣನ್ನು ತೊಳೆದು ಸಿಪ್ಪೆ ತೆಗೆದರೆ ಸಾಕು. ಬಾಂಗ್ಲಾದೇಶದಲ್ಲಿ ಸೋಂಕು ಹರಡಿದ್ದು ಹೆಚ್ಚಾಗಿ ಖರ್ಜೂರದ ಮರದಿಂದ ಇಳಿಸಿದ ಹಸಿ ರಸದಿಂದ. ರಾತ್ರಿ ಬಾವಲಿ ಬಂದು ರಸ ನೆಕ್ಕುತ್ತದೆ, ಅಲ್ಲೇ ಉಚ್ಚೆ ಹೊಯ್ಯುತ್ತದೆ. ಬೈನೆ ಕಳ್ಳಿನಿಂದ ನಮ್ಮಲ್ಲಿ ನಿಫಾ ಬಂದ ದಾಖಲೆಯಿಲ್ಲ. ಆದರೂ ಕಳ್ಳು ಇಳಿಸುವವರು ಅಲ್ಲಿಯವರಂತೆ ಬಿದಿರಿನ ತಟ್ಟಿ ಕಟ್ಟುವುದು ಒಳ್ಳೆಯದು. ಮಡಕೆಯ ಬಾಯಿ ಮಾತ್ರ ಮುಚ್ಚಿದರೆ ಪ್ರಯೋಜನವಿಲ್ಲ; ಬಾವಲಿ ನೆಕ್ಕುವುದು ರಸ ಒಸರುವ ಜಾಗವನ್ನು, ಅದೂ ಮುಚ್ಚಿರಬೇಕು. ಬಾವಲಿಗಳಿರುವ ಮರ ಕಡಿಯುವುದು, ಪಟಾಕಿ ಸಿಡಿಸುವುದು ತಿರುಗುಬಾಣ: ಅವು ಚದುರಿ ಪಕ್ಕದ ತೋಟ ಸೇರುತ್ತವೆ, ಅಷ್ಟೇ.

ಇದು ಗಾಳಿಯಲ್ಲಿ ಊರಿಂದೂರಿಗೆ ಹಾರಿ ಬರುವ ರೋಗವಲ್ಲ. ಕುಟ್ಟ, ಮಾಕುಟ್ಟ ದಾಟಿ ಬರುವ ತರಕಾರಿ ಲಾರಿ ಕಂಡು ಬೆಚ್ಚಬೇಕಿಲ್ಲ. 2018ರಲ್ಲಿ ಕೋಯಿಕ್ಕೋಡ್, ಮಲಪ್ಪುರಂ ಜಿಲ್ಲೆಗಳಲ್ಲಿ 17 ಮಂದಿ ತೀರಿಕೊಂಡರು. ಅಂದು ಸೋಂಕಿತರಾದವರಲ್ಲಿ ಬಹುಪಾಲು ಜನರಿಗೆ ರೋಗ ಅಂಟಿದ್ದು ಆಸ್ಪತ್ರೆಯಲ್ಲಿ, ಇಲ್ಲವೇ ರೋಗಿಯ ಆರೈಕೆ ಮಾಡುವಾಗ. ಮುಖಗವಸು, ಕೈಗವಸು, ಸೋಪು ಇವೇ ಇಲ್ಲಿ ಕೆಲಸಕ್ಕೆ ಬರುವುದು. ಲಸಿಕೆ ಇನ್ನೂ ಬಳಕೆಗೆ ಬಂದಿಲ್ಲ. ಬೆಳ್ಳುಳ್ಳಿ, ಕರ್ಪೂರದ ಪೊಟ್ಟಣ ಶುದ್ಧ ದಂಡ.

ಮಳೆಗಾಲದ ಜ್ವರ ನಮ್ಮಲ್ಲಿ ಸಾಮಾನ್ಯವಾಗಿ ಡೆಂಗಿ, ಇಲಿಜ್ವರ, ಇಲ್ಲವೇ ಬರೀ ಶೀತ. ಜ್ವರ, ತಲೆನೋವಿನ ಜತೆ ಮಂಪರು, ತಡವರಿಸುವ ಮಾತು ಅಥವಾ ಉಸಿರಾಟದ ತೊಂದರೆ ಇದ್ದು, ಹಿಂದಿನ 21 ದಿನಗಳಲ್ಲಿ ಸೋಂಕಿತರ ಒಡನಾಟವೋ ಸೋಂಕಿರುವ ಊರಿನ ಓಡಾಟವೋ ಆಗಿದ್ದರೆ ನಿಫಾ ಶಂಕಿಸಬೇಕು. ಆಗ ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಅಲೆಯದೆ 108ಕ್ಕೆ ಫೋನ್ ಮಾಡಿ, ಪ್ರಯಾಣದ ವಿವರವನ್ನು ಮೊದಲೇ ತಿಳಿಸಿ.

ರೋಗಿಯ ವಾಂತಿ, ಕಫ ಬಿದ್ದ ನೆಲಕ್ಕೆ ಫಿನಾಯಿಲ್ ನೆಚ್ಚಬೇಡಿ. ಒಂದು ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ಕಲೆಯ ಮೇಲೆ ಹಳೇ ಬಟ್ಟೆ ಹಾಸಿ, ಅದರ ಮೇಲೆ ಸುರಿದು ಅರ್ಧ ಗಂಟೆ ಬಿಟ್ಟು ಒರೆಸಿ. ಪ್ಲಾಸ್ಟಿಕ್ ಬಕೆಟ್ಟೇ ಬೇಕು. ನಮ್ಮ ಮಳೆಯಲ್ಲಿ ಬಾಯಿ ತೆರೆದಿಟ್ಟ ಪೌಡರ್ ಬೇಗ ಸತ್ವ ಕಳೆದುಕೊಳ್ಳುತ್ತದೆ; ಮೂಗಿಗೆ ಘಾಟು ಹೊಡೆಯದಿದ್ದರೆ ಹೊಸದು ತನ್ನಿ. ದ್ರಾವಣವನ್ನು ದಿನಾ ಹೊಸದಾಗಿ ಕಲಸಿ. ಟಾಯ್ಲೆಟ್ ತೊಳೆಯುವ ಆಸಿಡ್ ಜತೆ ಮಾತ್ರ ಬೆರೆಸಬೇಡಿ, ವಿಷಾನಿಲ ಬರುತ್ತದೆ.

— ಸಾರ್ವಜನಿಕ ಆರೋಗ್ಯ ಸೇವೆಯಲ್ಲಿರುವ ಕೆಲವರು, ವಿರಾಜಪೇಟೆ