ಕೋಳಿ ಆಹಾರದ ಅಂಗಡಿಯಲ್ಲಿ ಸಿಕ್ಕ ಆ ಅಮ್ಮನಿಗೆ

ಹೆಸರು ಕೇಳುವಷ್ಟರಲ್ಲಿ ನೀವು ಹೊರಟುಬಿಟ್ಟಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ ಅಮ್ಮಾ.

ಮನೆಯಲ್ಲಿ ನಾಟಿ ಕೋಳಿ ಮೊಟ್ಟೆಗಳನ್ನು, ಕಾವು ಕೊಟ್ಟು ಮರಿ ಮಾಡಿಸುವ ಇನ್‌ಕ್ಯುಬೇಟರ್‌ಗೆ ಇಟ್ಟ ವಿಷಯ ಅಂಗಡಿಯವರಿಗೆ ಹೇಳುತ್ತಿದ್ದೆ. ನೀವಾಗಿಯೇ ಹತ್ತಿರ ಬಂದು, ‘18ನೇ ದಿನದಿಂದ ಮೊಟ್ಟೆ ತಿರುಗಿಸಬೇಡ ಮಗಾ, ನೀರಿನ ಬಟ್ಟಲು ತುಂಬಿಸಿಡು, ಮುಚ್ಚಳ ತೆಗೀಬೇಡ’ ಅಂದಿರಿ. 37.5 ಡಿಗ್ರಿ ಕಾವು ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ತೇವದ ಬಗ್ಗೆ ಇಷ್ಟು ಬಿಡಿಸಿ ಹೇಳಿದವರು ನೀವೊಬ್ಬರೇ. ಮರಿ ಹೊರಬರುವ ಮುಂಚಿನ ಕೊನೆಯ ಮೂರು ದಿನ ಪೆಟ್ಟಿಗೆಯೊಳಗಿನ ಗಾಳಿಯಲ್ಲಿ ತೇವ ಜಾಸ್ತಿ ಬೇಕು, ಶೇ. 65ರಿಂದ 70ರಷ್ಟು. ಇಲ್ಲದಿದ್ದರೆ ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ.

ಚಿಪ್ಪಿಗೆ ತೂತು ಮಾಡಿದ ಮರಿ ಗಂಟೆಗಟ್ಟಲೆ ಸುಮ್ನೆ ಕೂತರೂ ಕೈ ಹಾಕಬಾರದು ಅಂದಿರಿ. ಆಗ ಪೊರೆಯಲ್ಲಿ ರಕ್ತ ಇನ್ನೂ ಹರಿಯುತ್ತಿರುತ್ತದೆ, ಮೊಟ್ಟೆಯ ಹಳದಿ ಪೂರ್ತಿ ಮರಿಯ ಹೊಟ್ಟೆಗೆ ಸೇರಿರುವುದಿಲ್ಲ. ಅವಸರಪಟ್ಟು ಚಿಪ್ಪು ಬಿಡಿಸಿದರೆ ಮರಿ ಉಳಿಯುವುದೇ ಕಷ್ಟ. ಎಂಥ ದೊಡ್ಡ ಮಾತು ಅದು!

ಮರಿಗಳು ಹೊರಬರುವ ಹೊತ್ತಿಗೇ ಕರೆಂಟ್ ಹೋಯಿತು. ನೀವು ಹೇಳಿದಂತೆ ಗಾಳಿಯ ತೂತು ಬಿಟ್ಟು ಇನ್‌ಕ್ಯುಬೇಟರ್‌ಗೆ ಕಂಬಳಿ ಸುತ್ತಿದೆವು. ಮರಿಗಳು ಉಳಿದವು. ನಿಮಗೆ ಕೈ ಮುಗಿಯುತ್ತೇನೆ.

ದೊಡ್ಡದಾದ ಮೇಲೆ ಒಂದು ಜೋಡಿ ನಿಮಗೇ ಕೊಡಬೇಕೆಂದಿದ್ದೇನೆ. ಅಂಗಡಿಯವರಿಗೂ ಹೇಳಿಟ್ಟಿದ್ದೇನೆ, ಮುಂದಿನ ಸಲ ಬಂದಾಗ ಕೇಳಿ.