ಐಟಿಐ ಮಕ್ಕಳ ಇಂಗ್ಲಿಷ್ ವರ್ಕ್‌ಶಾಪ್‌ನಲ್ಲೇ ಶುರುವಾಗಲಿ: ಕೌಶಲ್ಯಾಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಐಟಿಐ ಒಂದರಲ್ಲಿ ಎಂಪ್ಲಾಯಬಿಲಿಟಿ ಸ್ಕಿಲ್ಸ್, ಅಂದರೆ ಕೆಲಸ ಹಿಡಿಯಲು ಬೇಕಾದ ಕೌಶಲ್ಯಗಳ ಪಾಠ ಮಾಡುವವನು. ಹೋದ ವರ್ಷ ನಮ್ಮ ಎಲೆಕ್ಟ್ರಿಷಿಯನ್ ಟ್ರೇಡಿನ ಹುಡುಗನೊಬ್ಬ ಇಂಟರ್‌ವ್ಯೂಗೆ ಕೂತಿದ್ದ. ಮೋಟಾರ್ ಸ್ಟಾರ್ಟ್ ಆಗದಿದ್ದರೆ ಮೊದಲು ಏನು ನೋಡ್ತೀಯ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಅವನಿಗೆ ಉತ್ತರ ಗೊತ್ತಿತ್ತು. ಸಪ್ಲೈ, ಫ್ಯೂಸ್, ಓವರ್‌ಲೋಡ್ ರಿಲೇ. ಮೂರೂ ಅವನು ದಿನಾ ಆಡುವ ಮಾತುಗಳೇ. ಆದರೂ ಬಾಯಿ ಬಿಡಲಿಲ್ಲ. ತನ್ನ ಪರಿಚಯ ಹೇಳುವ ಎಂಟು ಸಾಲು ಬಾಯಿಪಾಠ ಮಾಡಿಕೊಂಡು ಹೋಗಿದ್ದ, ಅದನ್ನು ಯಾರೂ ಕೇಳಲೇ ಇಲ್ಲ. ಆ ಎಂಟು ಸಾಲು ಕಲಿಸಿದ್ದು ನಾನು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಅಲ್ಲಿಂದ ಪಾಠದ ರೀತಿ ಬದಲಿಸಿದೆ. ಇಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸುತ್ತೇನೆ. ಒಬ್ಬನ ಕೈಲಿ ಮೆಟ್ಟಿಲ ದೀಪದ ವೈರಿಂಗ್ ಚಿತ್ರ. ಇನ್ನೊಬ್ಬನ ಮುಂದೆ ಬೋರ್ಡು, ಎರಡು ಟೂ-ವೇ ಸ್ವಿಚ್ಚು, ವೈರು. ಚಿತ್ರ ತೋರಿಸುವ ಹಾಗಿಲ್ಲ. ಇಂಗ್ಲಿಷಿನಲ್ಲಿ ಕೇಳಿ, ಹೇಳಿ ದೀಪ ಹತ್ತಿಸಬೇಕು. ನಾನು ನೋಡಿ ಸರಿಯಿದೆ ಅಂದ ಮೇಲೆಯೇ ಕರೆಂಟು. ಮೊದಲ ದಿನದ ಮಾತು ಹೀಗಿತ್ತು:

"ರೆಡ್ ವೈರ್... ವೇರ್?"

"ಫಸ್ಟ್ ಸ್ವಿಚ್. ಮಿಡಲ್."

"ಮಿಡಲ್ ಮೀನ್ಸ್ ಕಾಮನ್?"

"ಯೆಸ್ ಯೆಸ್, ಕಾಮನ್!"

ಕಾಮನ್ ಅಂದರೆ ಸ್ವಿಚ್ಚಿನಲ್ಲಿ ಮುಖ್ಯ ವೈರು ಸೇರುವ ಜಾಗ. ನಾನು ನಡುವೆ ಬಾಯಿ ಹಾಕಲಿಲ್ಲ. ದೀಪ ಹತ್ತಿದ ಮೇಲೆ, ಅವರು ತಡವರಿಸಿದ ಎರಡು ಮೂರು ಮಾತನ್ನು ಎಲ್ಲರೂ ಸೇರಿ ಸರಿಮಾಡಿದೆವು. "ವೇರ್ ಡಸ್ ದ ರೆಡ್ ವೈರ್ ಗೋ?" ಎಂಬ ವಾಕ್ಯ ಅವತ್ತು ಸಿಕ್ಕಿತು. ಬೇಕು ಅನ್ನಿಸಿದ ಹೊತ್ತಿಗೇ ಸಿಕ್ಕಿದ್ದರಿಂದ ಅದು ಮರೆತುಹೋಗಲಿಲ್ಲ.

ಇದು ನನ್ನ ಸ್ವಂತ ಬುದ್ಧಿಯಲ್ಲ. ಕೊಟ್ಟ ಕೆಲಸ ಮುಗಿಸುತ್ತಾ ಭಾಷೆ ಕಲಿಯುವ ಈ ಪದ್ಧತಿಯ ಮೊದಲ ದೊಡ್ಡ ಪ್ರಯೋಗ ನಮ್ಮ ಕಡೆಯೇ ನಡೆದದ್ದು. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನಾ ತಜ್ಞ ಎನ್. ಎಸ್. ಪ್ರಭು ಮತ್ತು ಜೊತೆಗಾರರು ದಕ್ಷಿಣ ಭಾರತದ ಶಾಲೆಗಳಲ್ಲಿ ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಹಿಡಿದು ಇಂಗ್ಲಿಷ್ ಕಲಿಸಿದರು. ವ್ಯಾಕರಣದ ಪಾಠ ಇರಲಿಲ್ಲ, ಬಿಡಿಸಬೇಕಾದ ಪ್ರಶ್ನೆ ಇತ್ತು. ಇಂಗ್ಲಿಷ್ ಬೋಧನೆಯ ಲೋಕದಲ್ಲಿ ಅದಕ್ಕೆ 'ಬ್ಯಾಂಗಲೋರ್ ಪ್ರಾಜೆಕ್ಟ್' ಅಂತಲೇ ಹೆಸರು. ಮಕ್ಕಳನ್ನು ಗುಂಪು ಮಾಡಿ ಬಿಡುವುದು ಪ್ರಭು ಅವರಿಗೆ ಅಷ್ಟು ಒಪ್ಪಿಗೆ ಇರಲಿಲ್ಲ. ನಾನು ಜೋಡಿ ಮಾಡುತ್ತೇನೆ, ಯಾಕೆಂದರೆ ವರ್ಕ್‌ಶಾಪಿನಲ್ಲಿ ಕೆಲಸ ನಡೆಯುವುದೇ ಇಬ್ಬರು ಮೂವರು ಸೇರಿ. ನಮ್ಮ ಊರಿನ ಹೆಸರು ಹೊತ್ತ ಪದ್ಧತಿ ನಮ್ಮ ಐಟಿಐಗಳಿಗೇ ಬಂದಿಲ್ಲ ಅನ್ನುವುದು ಸಂಕಟದ ವಿಷಯ ಅಲ್ವಾ?

ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಸರ್ಕಾರ 150 ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿದೆ. ಒಳ್ಳೆಯ ಕೆಲಸ. ಆದರೆ ಹೊಸ ಯಂತ್ರದ ಪರದೆಯ ಮೇಲಿನ ಎಚ್ಚರಿಕೆಗಳು ಬರುವುದು ಇಂಗ್ಲಿಷಿನಲ್ಲಿ. ಅದನ್ನು ಓದಿ, ಫೋನಿನಲ್ಲಿ ಸರ್ವಿಸ್ ಎಂಜಿನಿಯರ್‌ಗೆ ಹೇಳಬೇಕಾದವನು ನಮ್ಮ ಹುಡುಗ. ಎಂಪ್ಲಾಯಬಿಲಿಟಿ ಸ್ಕಿಲ್ಸ್‌ನಲ್ಲಿ ಇಂಗ್ಲಿಷ್ ಒಂದು ಭಾಗ ಅಷ್ಟೇ. ಪರೀಕ್ಷೆಯೂ ಕಂಪ್ಯೂಟರ್ ಮುಂದೆ ಕೂತು ಸರಿಯುತ್ತರ ಆರಿಸುವುದು. ಬಾಯಿಯೇ ಬಿಡದೆ ಪಾಸಾಗಬಹುದು.

ಆ ಪರೀಕ್ಷೆ ಕೇಂದ್ರದ್ದು, ನಿಮ್ಮ ಕೈಲಿಲ್ಲ ಅಂತ ಗೊತ್ತು. ಆದರೆ ಇಂಟರ್ನಲ್ ಮಾರ್ಕ್ಸ್ ಕೊಡುವವರು ನಾವು. ಅದರಲ್ಲಿ ಒಂದು ಪಾಲು ಇಂಥ ಮಾತಿನ ಕೆಲಸಕ್ಕೆ ಸಿಗುವಂತೆ ಮಾಡಿಸಿ. ವಾರಕ್ಕೆ ಒಂದು ಪಿರಿಯಡ್ ನಾನೂ ಟ್ರೇಡ್ ಮಾಸ್ತರೂ ವರ್ಕ್‌ಶಾಪಿನಲ್ಲೇ ಸೇರಿ ಪಾಠ ಮಾಡಲು ಬಿಡಿ. ಫಿಟ್ಟರ್ ಪಾಠಕ್ಕೆ ಏನು ಮಾತು ಬೇಕು ಅಂತ ನನಗಿಂತ ಅವರಿಗೆ ಜಾಸ್ತಿ ಗೊತ್ತು. ಮಕ್ಕಳು ಮೊದಲು ಕನ್ನಡದಲ್ಲಿ ಚರ್ಚೆ ಮಾಡಿಕೊಳ್ಳಲಿ, ಅದಕ್ಕೆ ಯಾರೂ ಬೈಯಬಾರದು. ಬೋಧಕರ ತರಬೇತಿಗೆ ದೂರ ಹುಡುಕಬೇಕಿಲ್ಲ, ಬೆಂಗಳೂರಿನ ಜ್ಞಾನಭಾರತಿಯಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ.

ಹೊಸ ಬ್ಯಾಚ್ ಸೇರುವ ಮೊದಲೇ ಸುತ್ತೋಲೆ ಬಂದರೆ ಮೊದಲ ತಿಂಗಳಿಂದಲೇ ಶುರು ಮಾಡಬಹುದು. ಚಿತ್ರಗಳು, ಬೋರ್ಡುಗಳು ಎಲ್ಲಾ ಐಟಿಐಗಳಲ್ಲೂ ಈಗಾಗಲೇ ಇವೆ.

ವಿಶ್ವಾಸದಿಂದ,
ಒಬ್ಬ ಐಟಿಐ ಬೋಧಕ