ಮಗುವಿನ ಬೇಧಿಗೆ ತಾಯಿಯ ಊಟವನ್ನೇ ದೂರುವ ಮೊದಲು

ಮಾನ್ಯ ಸಂಪಾದಕರೇ,

ಎದೆಹಾಲು ಕುಡಿಯುವ ವರ್ಷ, ಒಂದೂವರೆ ವರ್ಷದ ಮಗುವಿಗೆ ಪದೇ ಪದೇ ಬೇಧಿಯಾದರೆ, ಮಲದಲ್ಲಿ ಲೋಳೆ ಕಂಡರೆ, ಮೊಣಕೈ ಮತ್ತು ಮಂಡಿಯ ಮಡಿಕೆಗಳಲ್ಲಿ ತುರಿಕೆ ಎದ್ದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ಮೊದಲು ವಿಚಾರಣೆಗೆ ಒಳಗಾಗುವುದು ತಾಯಿಯ ಊಟ. ಬದನೆಕಾಯಿ ನಂಜು, ಹಲಸಿನಹಣ್ಣು ವಾಯು, ಕಳಲೆ ಉಷ್ಣ, ಮೀನಂತೂ ಬೇಡವೇ ಬೇಡ ಎಂದು ಒಂದೊಂದನ್ನೇ ಬಿಡಿಸುತ್ತ ಬಂದು ಕೊನೆಗೆ ಆಕೆಯ ಪಾಲಿಗೆ ಅನ್ನ ಮತ್ತು ಕಾಳುಮೆಣಸಿನ ಸಾರು ಮಾತ್ರ ಉಳಿಯುತ್ತದೆ. ಅಷ್ಟಾದರೂ ಮಗುವಿಗೆ ಗುಣ ಕಾಣದಿದ್ದರೆ, ‘ನಿನ್ನ ಹಾಲೇ ಅದಕ್ಕೆ ಆಗಿಬರುತ್ತಿಲ್ಲ, ಬಿಡಿಸಿಬಿಡು’ ಎಂಬ ತೀರ್ಮಾನವಾಗುತ್ತದೆ. ಕಾರಣವನ್ನು ಹುಡುಕದೆಯೇ ಶಿಕ್ಷೆ ಕೊಡುವ ಈ ಕ್ರಮ ತಾಯಿಗೂ ಮಗುವಿಗೂ ಹಾನಿ ಮಾಡುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಈ ವಯಸ್ಸಿನ ಮಗು ಎದೆಹಾಲಿನ ಜೊತೆಗೆ ತಾನೂ ಉಣ್ಣುತ್ತಿರುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ತಾಯಿ ಸೇವಿಸಿದ ಹಸುವಿನ ಹಾಲು, ಮೊಟ್ಟೆ, ಗೋಧಿ, ಶೇಂಗಾಗಳಲ್ಲಿರುವ, ಅಲರ್ಜಿ ತರಬಲ್ಲ ಪ್ರೋಟೀನ್ ಎದೆಹಾಲಿಗೆ ಇಳಿಯುವುದು ನಿಜವಾದರೂ ಅದರ ಪ್ರಮಾಣ ಅತ್ಯಲ್ಪ. ಮಗು ತಾನೇ ಬಾಯಿಗೆ ಹಾಕಿಕೊಂಡ ಒಂದು ತುಂಡು ಬಿಸ್ಕತ್ತಿನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಬರೀ ಎದೆಹಾಲಿನ ಮೇಲಿರುವ ಎರಡು-ಮೂರು ತಿಂಗಳ ಕೂಸಿನ ಮಲದಲ್ಲಿ ರಕ್ತದ ಎಳೆ ಕಂಡಾಗ ವೈದ್ಯರು ತಾಯಿಯ ಊಟದ ಬಗ್ಗೆ, ಅದರಲ್ಲೂ ಹಾಲು-ಮೊಸರಿನ ಬಗ್ಗೆ ವಿಚಾರಿಸುವುದು ಸರಿಯೇ. ಆದರೆ ಹಲ್ಲು ಬಂದು, ಮನೆಯವರೆಲ್ಲರ ತಟ್ಟೆಗೆ ಕೈಹಾಕುವ ಮಗುವಿನ ವಿಷಯದಲ್ಲಿ ಹುಡುಕಾಟ ಮಗುವಿನ ತಟ್ಟೆಯಿಂದಲೇ ಶುರುವಾಗಬೇಕು.

ಹೊಸನಗರ ತಾಲ್ಲೂಕಿನ ನನ್ನ ತಂಗಿಯ ಮನೆಯಲ್ಲಿ ಆದದ್ದನ್ನು ಹೇಳಿದರೆ ವಿಷಯ ಸ್ಪಷ್ಟವಾಗಬಹುದು. ಮಗುವಿನ ತುರಿಕೆ ಮತ್ತು ಬೇಧಿಗೆ ಹಾಲೇ ಕಾರಣವಿರಬೇಕೆಂದು ಅನುಮಾನ ಬಂದಾಗ ಆಕೆ ಹಾಲು, ಮೊಸರು, ಮಜ್ಜಿಗೆ ಎಲ್ಲವನ್ನೂ ಬಿಟ್ಟಳು. ಮಗುವಿಗೂ ಲೋಟದ ಹಾಲು ನಿಂತಿತು. ಆದರೂ ತೊಂದರೆ ನಿಲ್ಲಲಿಲ್ಲ. ಮಕ್ಕಳ ವೈದ್ಯರ ಸಲಹೆಯಂತೆ ಒಂದು ನೋಟ್‌ಬುಕ್ಕಿನಲ್ಲಿ ಗಂಟೆ, ಬಾಯಿಗೆ ಹೋದ ಪದಾರ್ಥ, ಕೊಟ್ಟವರು ಯಾರು, ಆಮೇಲೆ ಎಷ್ಟು ಹೊತ್ತಿಗೆ ಏನಾಯಿತು ಎಂದು ಗೆರೆ ಎಳೆದು ಬರೆಯತೊಡಗಿದರು. ‘ಕೊಟ್ಟವರು ಯಾರು’ ಎಂಬ ಆ ಸಾಲಿನಲ್ಲಿ ‘ಅಜ್ಜ’ ಎಂಬುದು ಮೇಲಿಂದ ಮೇಲೆ ಕಾಣಿಸಿಕೊಂಡಿತು. ಸಂಜೆ ಕಾಫಿಯ ಹೊತ್ತಿಗೆ ಅಜ್ಜ ಪ್ರೀತಿಯಿಂದ ಕೊಡುತ್ತಿದ್ದ ಬಿಸ್ಕತ್ತಿನ ಪೊಟ್ಟಣದ ಹಿಂಬದಿಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ಗೋಧಿ ಮತ್ತು ಹಾಲಿನ ಅಂಶವಿದೆ ಎಂದು ಬರೆದಿತ್ತು. ಅಂಗಡಿಯಿಂದ ತಂದ, ಮಗುವಿಗೆ ಗಂಜಿ ಮಾಡುವ ‘ಸರಿ’ ಹಿಟ್ಟಿನಲ್ಲಿಯೂ ಹಾಲಿನ ಪುಡಿ ಇತ್ತು. ಚಪಾತಿ ತಿಂದ ದಿನಗಳಲ್ಲಿ ಏನೂ ಆಗಿರಲಿಲ್ಲವಾದ್ದರಿಂದ ಗೋಧಿಯ ಮೇಲಿನ ಅನುಮಾನ ಕಳೆಯಿತು. ಬಿಸ್ಕತ್ತು, ಸರಿ ಹಿಟ್ಟು ಎರಡನ್ನೂ ನಿಲ್ಲಿಸಿದ ಮೇಲೆ ಚರ್ಮ ತಿಳಿಯಾಗುತ್ತ ಬಂದಿತು, ಮಲ ಗಟ್ಟಿಯಾಯಿತು. ವೈದ್ಯರು ಹೇಳಿದ ಅಳತೆಯಲ್ಲಿ ಹಾಲನ್ನು ಮತ್ತೆ ಕೊಟ್ಟು ನೋಡಿದಾಗ ಎರಡನೆಯ ದಿನವೇ ಲೋಳೆ ಮರಳಿತು. ಆದರೆ ತಂಗಿ ತಾನು ಮೊಸರನ್ನ ಉಂಡು ಹಾಲೂಡಿಸಿದರೆ ಮಗುವಿಗೆ ಏನೂ ಆಗಲಿಲ್ಲ. ಅಷ್ಟು ದಿನ ಆಕೆ ಹಿಡಿದ ಪಥ್ಯದ ಅಗತ್ಯವೇ ಇರಲಿಲ್ಲ.

ಮರಳಿ ಕೊಟ್ಟು ನೋಡುವ ಈ ಹಂತವನ್ನೇ ಹೆಚ್ಚಿನವರು ಕೈಬಿಡುತ್ತಾರೆ. ಒಂದು ಪದಾರ್ಥವನ್ನು ನಿಲ್ಲಿಸಿದಾಗ ಮಗು ಸುಧಾರಿಸಿತು ಎಂದ ಮಾತ್ರಕ್ಕೆ ಅದೇ ಕಾರಣವೆಂದು ಹೇಳಲಾಗದು. ಜ್ವರ, ಹೊಟ್ಟೆಯ ವೈರಸ್ ಸೋಂಕು, ಮಳೆಗಾಲದ ಕಲುಷಿತ ನೀರು, ಆಂಟಿಬಯೋಟಿಕ್ ಔಷಧಿ ಇವೆಲ್ಲದರ ಬೇಧಿಯೂ ಹೆಚ್ಚಾಗಿ ತಾನಾಗಿ ನಿಲ್ಲುವಂಥದ್ದೇ. ಆದ್ದರಿಂದ ಒಂದು ಸಲಕ್ಕೆ ಒಂದೇ ಪದಾರ್ಥವನ್ನು ಎರಡರಿಂದ ನಾಲ್ಕು ವಾರ ಪೂರ್ತಿಯಾಗಿ ಬಿಟ್ಟು, ಬಳಿಕ ಮತ್ತೆ ಕೊಟ್ಟಾಗ ಅದೇ ತೊಂದರೆ ಮರಳುತ್ತದೆಯೇ ಎಂದು ನೋಡಬೇಕು. ಹದಿನೈದು-ಇಪ್ಪತ್ತು ಬಗೆಯ ಕಾಳು, ಗೇರುಬೀಜ, ಬಾದಾಮಿ, ಸೋಯಾ ಎಲ್ಲವನ್ನೂ ಹುರಿದು ಒಟ್ಟಿಗೆ ಬೀಸಿದ ಹಿಟ್ಟಿನಿಂದ ಮಗುವಿನ ಊಟ ಆರಂಭಿಸುವ ಈಗಿನ ರೂಢಿ ಈ ಹುಡುಕಾಟಕ್ಕೆ ದೊಡ್ಡ ಅಡ್ಡಿ. ನಮ್ಮ ಹಿರಿಯರ ಬರೀ ರಾಗಿಯ ಮಣ್ಣಿ ಈ ದೃಷ್ಟಿಯಿಂದ ಎಷ್ಟೋ ಮೇಲು.

ಪ್ರತಿಕ್ರಿಯೆ ಕಾಣಿಸಿಕೊಳ್ಳುವ ಸಮಯವೂ ಮುಖ್ಯ. ತಿಂದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ ಮೈಮೇಲೆ ಗಂದೆ ಏಳುವುದು, ತುಟಿ ಅಥವಾ ಕಣ್ಣು ಊದಿಕೊಳ್ಳುವುದು, ವಾಂತಿಯಾಗುವುದು ಒಂದು ಬಗೆ. ಹಲವು ಗಂಟೆಗಳ ಅಥವಾ ಎರಡು-ಮೂರು ದಿನಗಳ ನಂತರ ಹೊಟ್ಟೆ ಮತ್ತು ಚರ್ಮದಲ್ಲಿ ಕಾಣಿಸಿಕೊಳ್ಳುವುದು ಇನ್ನೊಂದು ಬಗೆ. ನೆನಪಿನ ಬಲದಿಂದಷ್ಟೇ ಇದರ ಮೂಲ ಹಿಡಿಯುವುದು ಅಸಾಧ್ಯವಾದ್ದರಿಂದಲೇ ಬರೆದಿಡಬೇಕಾಗುತ್ತದೆ. ಮೊದಲ ಬಗೆಯಲ್ಲಿ ಆ ಪದಾರ್ಥವನ್ನು ಮನೆಯಲ್ಲಿ ಎಂದಿಗೂ ಮತ್ತೆ ಕೊಟ್ಟು ನೋಡಬಾರದು, ಅದು ವೈದ್ಯರ ಎದುರಿನಲ್ಲೇ ಆಗಬೇಕು. ಉಸಿರಾಟ ಸುಯ್ಯೆಂದರೆ, ಮೇಲಿಂದ ಮೇಲೆ ವಾಂತಿಯಾಗಿ ಮಗು ಬಿಳಿಚಿಕೊಂಡು ಕೈಕಾಲು ಚೆಲ್ಲಿದರೆ ಮನೆಮದ್ದಿಗೆ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಬೇಕು; ಘಟ್ಟದ ದಾರಿಯಲ್ಲಿ ಆಂಬುಲೆನ್ಸ್ ಬರಲು ತಗಲುವ ಹೊತ್ತನ್ನು ಬಲ್ಲ ನಮ್ಮವರಿಗೆ ಇದನ್ನು ಒತ್ತಿ ಹೇಳಲೇಬೇಕು.

ಹಾಲಿನ ವಿಷಯದಲ್ಲಿ ನಮ್ಮಲ್ಲಿ ಎರಡು ಗೊಂದಲಗಳಿವೆ. ಮೊದಲನೆಯದು, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದಿರುವುದನ್ನೂ ಹಾಲಿನ ಪ್ರೋಟೀನಿನ ಅಲರ್ಜಿಯನ್ನೂ ಒಂದೇ ಎಂದು ತಿಳಿಯುವುದು. ಎದೆಹಾಲಿನಲ್ಲಿ ಸುಮಾರು ಶೇ 7ರಷ್ಟು ಲ್ಯಾಕ್ಟೋಸ್ ಇದ್ದೇ ಇರುತ್ತದೆ; ತಾಯಿ ಹಾಲು ಕುಡಿದರೂ ಬಿಟ್ಟರೂ ಅದು ಬದಲಾಗದು. ಜೋರಾದ ಬೇಧಿಯ ನಂತರ ಕರುಳಿನ ಒಳಪದರ ಸವೆದು ಕೆಲವು ವಾರ ಲ್ಯಾಕ್ಟೋಸ್ ಜೀರ್ಣವಾಗದಿರಬಹುದು, ಆಗಲೂ ಎದೆಹಾಲು ಮುಂದುವರಿಸುವುದೇ ಸರಿ. ಎರಡನೆಯದು, ಪ್ಯಾಕೆಟ್ ಹಾಲು ಆಗದಿದ್ದರೆ ಮಲೆನಾಡು ಗಿಡ್ಡ ತಳಿಯ ಹಸುವಿನ ಹಾಲು ಆಗುತ್ತದೆ, ಇಲ್ಲವಾದರೆ ಮೇಕೆಯ ಹಾಲು ಆಗುತ್ತದೆ ಎಂಬ ನಂಬಿಕೆ. ನಾಟಿ ಹಸುಗಳ ಮೇಲಿನ ಅಭಿಮಾನ ನನಗೂ ಇದೆ. ಆದರೆ ಪ್ರೋಟೀನಿನ ಅಲರ್ಜಿ ಇರುವ ಮಗುವಿಗೆ ಯಾವ ತಳಿಯ ಹಸುವಿನ ಹಾಲೂ ಸುರಕ್ಷಿತವಲ್ಲ. ಎಮ್ಮೆ ಮತ್ತು ಮೇಕೆಯ ಹಾಲಿನ ಪ್ರೋಟೀನುಗಳೂ ಅದಕ್ಕೆ ಬಹಳ ಹತ್ತಿರದವು.

ಎಲ್ಲ ಕೆಂಪೂ, ಎಲ್ಲ ತುರಿಕೆಯೂ ಅಲರ್ಜಿಯಲ್ಲ. ಸರಿಯಾಗಿ ಬೇಯದ ಪತ್ರೊಡೆ ತಿಂದು ಬಾಯಿ ತುರಿಸಿದರೆ ಅದು ಕೆಸುವಿನ ಎಲೆಯಲ್ಲಿರುವ ಆಕ್ಸಲೇಟ್ ಹರಳುಗಳ ಕೆಲಸ. ಅನಾನಸ್, ಟೊಮೆಟೊ ತಿಂದಾಗ ತುಟಿಯ ಸುತ್ತ ಮಾತ್ರ ಕೆಂಪಾಗಿ ಬೇಗ ಇಳಿದರೆ ಅದು ಹೆಚ್ಚಾಗಿ ಹುಳಿ ತಾಗಿದ ಉರಿ.

ದುಬಾರಿ ರಕ್ತಪರೀಕ್ಷೆಯ ಮೊರೆಹೋಗುವವರಿಗೂ ಒಂದು ಮಾತು. ರಕ್ತದಲ್ಲಿ ಅಲರ್ಜಿಯ ಪ್ರತಿಕಾಯವನ್ನು ಅಳೆಯುವ ಐಜಿಇ ಪರೀಕ್ಷೆಯಾಗಲಿ ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆಯಾಗಲಿ ತಕ್ಷಣ ಕಾಣುವ ಬಗೆಗೆ ಮಾತ್ರ ನೆರವಾಗುತ್ತದೆ, ತಡವಾಗಿ ಕಾಣುವುದನ್ನು ಹಿಡಿಯದು. ಇನ್ನೊಂದು ಬಗೆಯ ಪ್ರತಿಕಾಯವನ್ನು ಅಳೆದು ಹತ್ತಾರು ಆಹಾರಗಳ ಪಟ್ಟಿ ಕೊಡುವ ಐಜಿಜಿ ಪರೀಕ್ಷೆ ಆ ಆಹಾರವನ್ನು ದೇಹ ಕಂಡಿದೆ ಎಂಬುದನ್ನಷ್ಟೇ ತೋರಿಸುತ್ತದೆ. ಅದನ್ನು ನಂಬಿ ಮಗುವಿನ ಊಟ ಕಡಿತ ಮಾಡುವುದು ಸಲ್ಲದು.

ಎರಡು ವರ್ಷ ಮತ್ತು ಅದರಾಚೆಗೂ ಎದೆಹಾಲು ಮುಂದುವರಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತಾಯಿಯ ಊಟದಿಂದ ಹಾಲನ್ನು ತೆಗೆಯಲೇಬೇಕಾದ ಸಂದರ್ಭದಲ್ಲಿಯೂ ಅದರ ಜಾಗದಲ್ಲಿ ಏನನ್ನು ಇಡುತ್ತೇವೆ ಎಂಬುದನ್ನು ಮನೆಯವರು ಯೋಚಿಸಬೇಕು. ಹಾಲೂಡಿಸುವವಳಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸಿಗುತ್ತದೆ. ಎಳ್ಳು, ನುಗ್ಗೆಸೊಪ್ಪು, ಮುಳ್ಳುಸಮೇತ ತಿನ್ನುವ ಸಣ್ಣ ಮೀನು ಉಳಿದದ್ದನ್ನು ತುಂಬಬಹುದು, ಸಾಲದಿದ್ದರೆ ವೈದ್ಯರು ಮಾತ್ರೆ ಕೊಡುತ್ತಾರೆ. ಹಾಲಿನ ಅಲರ್ಜಿ ಹೆಚ್ಚಿನ ಮಕ್ಕಳಲ್ಲಿ ಶಾಲೆಗೆ ಹೋಗುವ ವಯಸ್ಸಿನ ಹೊತ್ತಿಗೆ ತಾನಾಗಿ ಹೋಗುವುದರಿಂದ ಪಥ್ಯವನ್ನು ಶಾಶ್ವತವೆಂದು ಭಾವಿಸದೆ ಆಗಾಗ ವೈದ್ಯರಲ್ಲಿ ಮರುಪರಿಶೀಲನೆ ಮಾಡಿಸಬೇಕು.

ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆಗಳು ದೊಡ್ಡವಲ್ಲ. ಪ್ರತಿ ಮನೆಯಲ್ಲೂ ಇರುವ ತಾಯಿ ಕಾರ್ಡಿನಲ್ಲಿ ಮಗುವಿನ ಆಹಾರ ಮತ್ತು ಪ್ರತಿಕ್ರಿಯೆಯನ್ನು ಗುರುತಿಸಿಡಲು ಒಂದು ಪುಟ ಸೇರಿಸಬೇಕು, ಅದನ್ನು ತುಂಬುವ ಕ್ರಮವನ್ನು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿಯಲ್ಲಿ ಕಲಿಸಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ವಾರಕ್ಕೊಮ್ಮೆಯಾದರೂ ಇಂಥ ತಾಯಂದಿರಿಗೆ ಆಹಾರ ತಜ್ಞರ ಸಲಹೆ ದೊರೆಯುವಂತೆ ಸಮಯ ಗೊತ್ತುಪಡಿಸಿ, ಅದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಪ್ರಕಟಿಸಬೇಕು. ಪೊಟ್ಟಣದ ಮೇಲೆ ಹಾಲು, ಗೋಧಿ, ಮೊಟ್ಟೆ, ಸೋಯಾ, ಶೇಂಗಾ ಇರುವುದನ್ನು ನಮೂದಿಸುವುದು ಈಗಾಗಲೇ ಕಾನೂನಿನಂತೆ ಕಡ್ಡಾಯ. ಕರ್ನಾಟಕದಲ್ಲಿ ಮಾರುವ ಪೊಟ್ಟಣಗಳಲ್ಲಿ ಆ ಒಂದು ಸಾಲನ್ನಾದರೂ ಕನ್ನಡದಲ್ಲಿ, ಅಜ್ಜ-ಅಜ್ಜಿಯರು ಕನ್ನಡಕ ಹಾಕಿಕೊಂಡು ಓದಬಲ್ಲ ದಪ್ಪ ಅಕ್ಷರಗಳಲ್ಲಿ ಮುದ್ರಿಸಲು ಸರ್ಕಾರ ಕಂಪನಿಗಳಿಗೆ ಸೂಚಿಸಬೇಕು.

ಇತಿ,
ಮಗುವಿನ ದೊಡ್ಡಮ್ಮ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ